ಪೈರಿನ ರೋಗಜ್ಞನಿಂದ ಬಂದ ಮದ್ದು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಅರಿಶಿನದ ಗೆಡ್ಡೆಗೆ ಕೊಳೆರೋಗ ತಗುಲಿತೆಂದರೆ ಉಡಿಗಾಲದಂತಹ ಊರಿನಲ್ಲಿ ಆ ಸುದ್ದಿ ಜಗಲಿಯಿಂದ ಜಗಲಿಗೆ ಹಬ್ಬಿ, ರೈತನು ಕೊಳೆತ ಗೆಡ್ಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಲ್ಲವರನ್ನು ಅರಸಿ ಹೊರಡುತ್ತಾನೆ. ಅದೇ ಮನೆಯ ಹೆಣ್ಣುಮಗಳಾದರೋ ವರ್ಷದಲ್ಲಿ ಮೂರು ನಾಲ್ಕು ಬಾರಿ ಮರುಕಳಿಸುವ ತುರಿಕೆ, ಉರಿ, ಒಡೆದ ಮೊಸರಿನಂತಹ ಸ್ರಾವ ಇವುಗಳನ್ನೆಲ್ಲ 'ಬಿಳಿ ಹೋಗುತ್ತದೆ, ಉಷ್ಣವಿರಬೇಕು' ಎಂಬ ಒಂದು ಮಾತಿನಲ್ಲಿ ಅಡಗಿಸಿ, ಅದನ್ನೂ ಓರಗಿತ್ತಿಯ ಕಿವಿಯಲ್ಲಿ ಮಾತ್ರ ಹೇಳಿ ಸುಮ್ಮನಾಗುತ್ತಾಳೆ. ಪೈರಿನ ವ್ಯಾಧಿಗೂ ಹೆಣ್ಣಿನ ಈ ವ್ಯಾಧಿಗೂ ಒಂದೇ ಪ್ರಯೋಗಶಾಲೆಯಲ್ಲಿ ಮದ್ದು ಹುಡುಕಿದ ವಿದ್ವಾಂಸರೊಬ್ಬರು ಹಿಂದೆ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೇ ಇದ್ದರೆಂಬ ಸಂಗತಿ ಇಂದು ಎಷ್ಟು ಜನರಿಗೆ ತಿಳಿದಿದೆಯೋ ಕಾಣೆ.

ಹೆಣ್ಣಿನ ಈ ವ್ಯಾಧಿಗೆ ಬಹುಮಟ್ಟಿಗೆ ಕಾರಣವಾದ ಶಿಲೀಂಧ್ರದ ಹೆಸರು ಕ್ಯಾಂಡಿಡ ಆಲ್ಬಿಕನ್ಸ್. ಅದು ಅನೇಕ ಆರೋಗ್ಯವಂತ ಸ್ತ್ರೀಯರ ದೇಹದಲ್ಲಿಯೂ ನಿರುಪದ್ರವಿಯಾಗಿ ವಾಸಿಸುತ್ತಿದ್ದು, ಗರ್ಭಧಾರಣೆ, ಮಧುಮೇಹ, ಆಂಟಿಬಯಾಟಿಕ್‌ಗಳ ಸೇವನೆ ಇಂತಹ ಸಂದರ್ಭಗಳಲ್ಲಿ ಮಿತಿಮೀರಿ ಬೆಳೆಯುತ್ತದೆ. ಹಿಂದಿನವರಿಗಿದ್ದ ಉಪಾಯವೆಂದರೆ ಬಟ್ಟೆಗೆಲ್ಲ ಕಲೆ ಹಿಡಿಸುವ ಜೆನ್ಷಿಯನ್ ವಯೊಲೆಟ್ ಎಂಬ ನೇರಳೆ ಬಣ್ಣದ ದ್ರಾವಣ. 1950 ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು, ಒಬ್ಬರು ನ್ಯೂಯಾರ್ಕ್ ನಗರದಲ್ಲಿಯೂ ಇನ್ನೊಬ್ಬರು ಆಲ್ಬನಿಯಲ್ಲಿಯೂ ಇದ್ದುಕೊಂಡು, ಮಾದರಿಗಳನ್ನು ಅಂಚೆಯಲ್ಲಿ ಕಳುಹಿಸಿಕೊಳ್ಳುತ್ತ, ವರ್ಜೀನಿಯದ ಹೊಲವೊಂದರ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬ ಔಷಧವನ್ನು ಪಡೆದುದಾಗಿ ಪ್ರಕಟಿಸಿದರು. ಅದರಿಂದ ಬಂದ ಕೋಟಿಗಟ್ಟಲೆ ರಾಯಧನದಲ್ಲಿ ತಮಗೆಂದು ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ಸಂಶೋಧನೆಗೆ ಬಿಟ್ಟುಕೊಟ್ಟರು.

ನಮ್ಮವರಾದ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ಯರು ಮೊದಲಿಗೆ ವೈದ್ಯಕೀಯಕ್ಕೆ ಸಂಬಂಧಪಟ್ಟವರೇ ಅಲ್ಲ. 1940 ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದುಕೊಂಡು, ಎಲೆಗಳ ಮೇಲೆ ಹರಡುವ ತುಕ್ಕುರೋಗ, ತೆನೆಗಳನ್ನು ಕರಿದುಮಾಡುವ ಕಾಡಿಗೆ ರೋಗ ಇವುಗಳ ಶಿಲೀಂಧ್ರಗಳನ್ನು ಆಯ್ದು, ವರ್ಗೀಕರಿಸಿ, ಬಿ. ಬಿ. ಮುಂಡ್ಕೂರರೊಡನೆ ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತ ಗ್ರಂಥವನ್ನು 1952 ರಲ್ಲಿ ಹೊರತಂದವರು ಅವರು. ತರುವಾಯ ಪುಣೆಯ ಬಳಿಯ ಪಿಂಪ್ರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954 ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಸಂಶೋಧನ ವಿಭಾಗಕ್ಕೆ ಬಂದು, ಹೊಲದಲ್ಲಿ ಬೆಳೆಸಿಕೊಂಡ ಕಣ್ಣನ್ನೇ ಮಣ್ಣಿನ ಸೂಕ್ಷ್ಮಜೀವಿಗಳ ಕಡೆಗೆ ತಿರುಗಿಸಿದರು. ಅಲ್ಲಿಯ ನೆಲದ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂಬ ಸೂಕ್ಷ್ಮಜೀವಿಯಿಂದ ದೊರೆತ ಹಮೈಸಿನ್ ಎಂಬ ಔಷಧ 1961 ರಲ್ಲಿ ಪ್ರಕಟವಾಯಿತು. ಬಾಯಿಯ ಬಿಳಿ ಅಗ್ರಕ್ಕೂ ಯೋನಿಯ ಶಿಲೀಂಧ್ರ ಸೋಂಕಿಗೂ ಅದು ಲೇಪನೌಷಧವಾಯಿತು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ದ್ರವ್ಯವನ್ನು ಹಿಡಿದು ಪೊರೆಯನ್ನು ಸೋರುವಂತೆ ಮಾಡುವುದು ಅದರ ಕ್ರಮ. ಅದೇ ಪ್ರಯೋಗಶಾಲೆಯಿಂದ ಪೈರುಗಳ ರೋಗಕ್ಕಾಗಿ ಔರಿಯೋಫಂಗಿನ್ ಎಂಬ ಮತ್ತೊಂದು ಔಷಧವೂ ಬಂತು. ಶಿಲೀಂಧ್ರಕ್ಕೆ ಪರೋಕ್ಷವಾಗಿ ಎಡೆಮಾಡಿಕೊಡುವ ಪೆನಿಸಿಲಿನ್ ತಯಾರಾಗುತ್ತಿದ್ದುದೂ ಆ ಕಾರ್ಖಾನೆಯಲ್ಲಿಯೇ ಎಂಬುದು ವಿನೋದವಾದರೂ ನಿಜ.

ಮುಂದೆ ಕ್ಲೋಟ್ರಿಮಜೋಲ್ ಬಂತು, ನುಂಗುವ ಫ್ಲುಕೋನಜೋಲ್ ಬಂತು. ಹಮೈಸಿನ್ ಮರೆಯಾಯಿತು, ಪಿಂಪ್ರಿಯ ಕಾರ್ಖಾನೆಯೂ ಸೊರಗಿತು. ಮದ್ದುಗಳು ಬದಲಾದುದಕ್ಕೆ ನನ್ನ ಆಕ್ಷೇಪವಿಲ್ಲ. ತಿರುಮಲಾಚಾರ್ಯರಂಥವರು ಎಲೆಯೊಂದರ ಕಲೆಗೂ ಸೂಕ್ಷ್ಮದರ್ಶಕವನ್ನು ಹಿಡಿಯುತ್ತಿದ್ದ ಶ್ರದ್ಧೆ ಹೆಣ್ಣಿನ ವಿಷಯದಲ್ಲಿ ಇಲ್ಲವಾದುದು ನನಗೆ ಅಸಮಾಧಾನ. ಸ್ರಾವವೆಂದೊಡನೆ ಸರಕಾರಿ ಆಸ್ಪತ್ರೆಯಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೋನಜೋಲ್ ಇರುವ ಹಸಿರು ಕಿಟ್ ಕೊಡುವುದು ಮೊದಲ ಸಲಕ್ಕೆ ಯುಕ್ತವೇ ಇರಬಹುದು. ಮರಳಿ ಮರಳಿ ಬರುವವಳಿಗೂ ಅದನ್ನೇ ಕೊಡುವುದು ಚಿಕಿತ್ಸೆಯಲ್ಲ, ಸಾಗಹಾಕುವಿಕೆ. ಮೈಸೂರಿನಲ್ಲಿ 2005-06 ರಲ್ಲಿ 898 ಯುವತಿಯರನ್ನು ಒಳಗೊಂಡು ನಡೆದ ಅಧ್ಯಯನದಲ್ಲಿ ಯೋನಿಯ ಸೋಂಕುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ನೋಡಲಾಯಿತು. ಲಕ್ಷಣವೊಂದನ್ನೇ ನಂಬಿದರೆ ಬ್ಯಾಕ್ಟೀರಿಯ ಸೋಂಕಿಗೂ ಶಿಲೀಂಧ್ರ ಸೋಂಕಿಗೂ ಅಂತರ ತಿಳಿಯುವುದಿಲ್ಲವಾದುದರಿಂದ ಈ ಶ್ರಮ ಅನಿವಾರ್ಯ.

ಮರುಕಳಿಸುವ ಸೋಂಕಿಗೆ ಚಿಕಿತ್ಸೆಯ ಕ್ರಮವೇ ಬೇರೆ. ಮೂರು ದಿನಕ್ಕೊಂದರಂತೆ ಮೂರು ಬಾರಿ, ಆಮೇಲೆ ಆರು ತಿಂಗಳು ವಾರಕ್ಕೊಂದರಂತೆ 150 ಮಿಲಿಗ್ರಾಂ ಫ್ಲುಕೋನಜೋಲ್ ಕೊಡುವುದು ರೂಢಿ. ಗರ್ಭಿಣಿಯರಿಗೆ ಅದು ನಿಷಿದ್ಧ, ಅವರಿಗೆ ಏಳು ದಿನದ ಕ್ಲೋಟ್ರಿಮಜೋಲ್ ಲೇಪನವೇ ಸರಿ. ಫ್ಲುಕೋನಜೋಲಿನ ಈ ಆರು ತಿಂಗಳ ಕ್ರಮವನ್ನು ಜ್ಯಾಕ್ ಸೋಬೆಲ್ ಮತ್ತು ಸಂಗಡಿಗರು 387 ಸ್ತ್ರೀಯರಲ್ಲಿ ಪರೀಕ್ಷಿಸಿ 2004 ರಲ್ಲಿ ಪ್ರಕಟಿಸಿದಂತೆ, ಆರನೆಯ ತಿಂಗಳಿಗೆ ಔಷಧ ಪಡೆದವರಲ್ಲಿ ಶೇಕಡ 90.8 ಮಂದಿ ಉಪದ್ರವವಿಲ್ಲದೆ ಇದ್ದರು. ಔಷಧ ನಿಲ್ಲಿಸಿ ಮತ್ತೆ ಆರು ತಿಂಗಳಾಗುವ ವೇಳೆಗೆ ಹಾಗೆ ಉಳಿದವರು ಶೇಕಡ 42.9 ಮಾತ್ರ. ಮತ್ತೆ ಬಂದುದಾದರೆ ರಕ್ತದ ಸಕ್ಕರೆಯನ್ನೂ, ಯಾವ ಜಾತಿಯ ಶಿಲೀಂಧ್ರವೆಂಬುದನ್ನೂ ನೋಡಲೇಬೇಕು. ಏಕೆಂದರೆ ಕ್ಯಾಂಡಿಡ ಗ್ಲಾಬ್ರಾಟ ಎಂಬುದು ಫ್ಲುಕೋನಜೋಲಿಗೆ ಸುಲಭವಾಗಿ ಬಗ್ಗದು, ಅದಕ್ಕೆ ವೈದ್ಯರು ಒಳಗಿಡುವ ಬೋರಿಕ್ ಆಮ್ಲದ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ಬಾಯಿಗೆ ಹೋದರೆ ಅದು ವಿಷ. ಲಕ್ಷಣವಿಲ್ಲದ ಗಂಡನಿಗೆ ಔಷಧ ಬೇಕಿಲ್ಲ. ಶಿಲೀಂಧ್ರವನ್ನು ಬೆಳೆಸಿ ನೋಡುವ ಈ ಪರೀಕ್ಷೆಗೆ ಉಡಿಗಾಲದವರು ಮೈಸೂರಿನವರೆಗೆ ಹೋಗಬೇಕಾದ ಕಾಲವೂ ಕಳೆಯಿತು. ಚಾಮರಾಜನಗರದಲ್ಲಿಯೇ 2016 ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ.