ನೀರು ಮತ್ತು ರಕ್ತದ ಒತ್ತಡ

ವೈಶಾಖ ಕಾಲಿಟ್ಟಿತೆಂದರೆ ನಾಗಪುರದಲ್ಲಿ ಉಷ್ಣಮಾನ 45 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಮಿಹಾನಿನ ಬಯಲಿನಲ್ಲಿ ಕಟ್ಟಡದ ಕೆಲಸ ಮಾಡುವವರೂ, ಸರಕು ಏರಿಸಿ ಇಳಿಸುವವರೂ, ತಂಪು ಕೋಣೆಯಲ್ಲಿ ಕೂರುವ ಗುಮಾಸ್ತರೂ ನೀರಿನ ಬಾಟ್ಲಿ ಹಿಡಿದೇ ಮನೆ ಬಿಡುತ್ತಾರೆ. ಅದು ಸರಿಯೇ. ಆದರೆ ಹೆಚ್ಚು ನೀರು ಕುಡಿದರೆ ಬಿ.ಪಿ. ತಾನಾಗಿ ಇಳಿಯುತ್ತದೆ, ಮಾತ್ರೆ ಬೇಕಾಗಿಲ್ಲ ಎಂಬ ಮಾತೂ ಜೊತೆಗೆ ಕೇಳಿಬರುತ್ತದೆ. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ನೋಡೋಣ.

ಹರಿಯುವ ರಕ್ತವು ನಾಳಗಳ ಗೋಡೆಯನ್ನು ಒತ್ತುವ ಬಲವೇ ರಕ್ತದ ಒತ್ತಡ. 120/80ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಅದು ರೋಗವೆಂದೇ ತಿಳಿಯಬೇಕು.

ಕುಡಿದ ನೀರು ಕರುಳಿನಿಂದ ರಕ್ತಕ್ಕೆ ಸೇರುವುದೇನೋ ನಿಜ. ಆದರೆ ಆರೋಗ್ಯವಂತರ ಮೂತ್ರಪಿಂಡಗಳು ಹೆಚ್ಚಾದ ನೀರನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕಿಬಿಡುತ್ತವೆ. ಆದಕಾರಣ ಕೊಡಗಟ್ಟಲೆ ಕುಡಿದರೂ ಏರಿದ ಒತ್ತಡ ಇಳಿಯದು. ವೃದ್ಧರಲ್ಲಿ ಒಮ್ಮೆಗೇ ಅರ್ಧ ಲೀಟರು ಕುಡಿದರೆ ಒತ್ತಡ ಸ್ವಲ್ಪ ಹೊತ್ತು ಏರುವುದೂ ಉಂಟು.

ನೀರನ್ನು ದೇಹದಲ್ಲಿ ಹಿಡಿದಿಡುವುದು ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟೂ ಉಪ್ಪು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿನಿಂದ ತಂದ ಉಪ್ಪಿನಕಾಯಿ, ಹಪ್ಪಳ, ಇಲ್ಲಿನ ಚಿವಡಾ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ.

ಇನ್ನು ನೀರು ಸಾಲದಾದರೆ ಏನಾಗುತ್ತದೆ? ಬೆವರಿನಲ್ಲಿ ನೀರೂ ಉಪ್ಪೂ ಹೋಗಿ ರಕ್ತದ ಪ್ರಮಾಣ ತಗ್ಗುತ್ತದೆ, ಒತ್ತಡ ಕುಸಿಯುತ್ತದೆ. ಕೂತವರು ಎದ್ದೊಡನೆ ಕಣ್ಣು ಕತ್ತಲೆ ಬರುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರಿಗೆ ಈ ಭಯ ಹೆಚ್ಚು. ಅಂಥವರು ಬೇಸಗೆಗೆ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣವನ್ನು ಕೇಳಿಕೊಳ್ಳಬೇಕು. ತಾವಾಗಿಯೇ ನಿಲ್ಲಿಸಬಾರದು.

ಬಿಸಿಲಲ್ಲಿ ದುಡಿಯುವವರು ಬಾಯಾರುವ ತನಕ ಕಾಯದೆ, ಕಾಲು ಗಂಟೆಗೊಮ್ಮೆ ಒಂದು ಲೋಟ ಕುಡಿಯುವುದು ಲೇಸು. ಗಂಟೆಗಟ್ಟಲೆ ಬೆವರು ಸುರಿದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕದಡಿ ಕುಡಿಯಬಹುದು. ಅದರಲ್ಲಿಯೂ ಉಪ್ಪಿದೆ, ಬಿ.ಪಿ. ಉಳ್ಳವರು ವೈದ್ಯರನ್ನು ಕೇಳಿಯೇ ಕುಡಿಯಲಿ. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ತೆಳುವಾಗಿ ತಲೆನೋವು, ವಾಂತಿ, ಬುದ್ಧಿಭ್ರಮೆ ಉಂಟಾಗಬಹುದು. ಹೃದಯ ಇಲ್ಲವೆ ಮೂತ್ರಪಿಂಡದ ರೋಗವುಳ್ಳವರಿಗಂತೂ ವೈದ್ಯರು ಹೇಳಿದ ಅಳತೆಯೇ ಅಳತೆ.

ಏರಿದ ಒತ್ತಡ ಬಹುಮಂದಿಗೆ ಯಾವ ನೋವನ್ನೂ ತೋರಿಸುವುದಿಲ್ಲ. ಒಳಗೊಳಗೇ ಹೃದಯವನ್ನೂ ಮೆದುಳನ್ನೂ ಕೆಡಿಸಿ, ಒಂದು ದಿನ ಪಾರ್ಶ್ವವಾಯುವಾಗಿ ಎರಗುತ್ತದೆ. ದುಡಿಯುವ ಕೈ ಬಿದ್ದರೆ ಊರಿನಲ್ಲಿರುವ ಸಂಸಾರದ ಗತಿಯೇನು? 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಏಮ್ಸ್ ಆಸ್ಪತ್ರೆ ಮಿಹಾನಿನಲ್ಲಿಯೇ ಇದೆ. ಒಂದು ರಜೆಯ ದಿನ ಹತ್ತಿರದ ಯಾವುದಾದರೂ ದವಾಖಾನೆಗೆ ಹೋಗಿ, ಐದು ನಿಮಿಷ ಸುಮ್ಮನೆ ಕುಳಿತು, ಒತ್ತಡ ಅಳೆಸಿಕೊಳ್ಳಿರಿ.

ನೀರು ಬಾಯಾರಿಕೆಗೆ, ಮಾತ್ರೆ ರೋಗಕ್ಕೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.