ತೇರಿನ ಹುಣ್ಣಿಮೆಯ ಬೆನ್ನಿಗೆ ಪಾಸ್ಕ

ಚೈತ್ರದ ಹುಣ್ಣಿಮೆಗೆ ಹಂಪಿಯಲ್ಲಿ ವಿರೂಪಾಕ್ಷನ ಜೋಡಿ ರಥೋತ್ಸವ. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯ ಜನ ಬಿಸಿಲು ಇಳಿಯುವುದನ್ನೇ ಕಾದು, ಬಾಳೆಹಣ್ಣು, ಉತ್ತತ್ತಿ ಹಿಡಿದು ರಥಬೀದಿಗೆ ನೆರೆಯುತ್ತಾರೆ. ಇದೇ ಊರುಗಳಲ್ಲಿ ಕೆಲವು ಮನೆಗಳಿವೆ. ಅಲ್ಲಿಯೂ ಅದೇ ಹುಣ್ಣಿಮೆಯ ಮೇಲೆ ಕಣ್ಣು, ಆದರೆ ಲೆಕ್ಕ ಬೇರೆ. ಹುಣ್ಣಿಮೆ ಕಳೆದು ಬರುವ ಭಾನುವಾರ ಆ ಮನೆಗಳಲ್ಲಿ ಪಾಸ್ಕ ಹಬ್ಬ. ಇಂಗ್ಲಿಷ್ ಬಲ್ಲವರ ಬಾಯಲ್ಲಿ ಈಸ್ಟರ್, ಪ್ರಾರ್ಥನೆಯ ಭಾಷೆಯಲ್ಲಿ ಪುನರುತ್ಥಾನದ ಹಬ್ಬ.

ಈ ಮನೆಗಳಲ್ಲಿ ಬೆಳೆದ ಮಕ್ಕಳನ್ನು ಒಂದು ಪ್ರಶ್ನೆ ಕಾಡದೇ ಬಿಡುವುದಿಲ್ಲ. ಕ್ರಿಸ್‌ಮಸ್ ಪ್ರತಿವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ಹಾಗಿದ್ದರೆ ಪಾಸ್ಕ ಮಾತ್ರ ಒಂದು ವರ್ಷ ಮಾರ್ಚಿಯಲ್ಲಿ, ಇನ್ನೊಂದು ವರ್ಷ ಪರೀಕ್ಷೆಯೆಲ್ಲ ಮುಗಿದ ಮೇಲೆ ಏಪ್ರಿಲ್ ಕೊನೆಗೆ ಬರುವುದೇಕೆ? ಉತ್ತರ ಪಕ್ಕದ ಮನೆಯ ಪಂಚಾಂಗದಲ್ಲಿಯೇ ಇದೆ ಎಂದು ಬಹಳ ಮಂದಿಗೆ ತಿಳಿಯುವುದು ದೊಡ್ಡವರಾದ ಮೇಲೆ.

ಯೇಸು ಶಿಲುಬೆಗೇರಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಸಮಯದಲ್ಲಿ. ಯೆಹೂದ್ಯರ ತಿಂಗಳುಗಳು ನಮ್ಮ ತಿಂಗಳುಗಳಂತೆಯೇ ಚಂದ್ರನನ್ನು ಅನುಸರಿಸುವಂಥವು. ಅವರ ಪಾಸ್ಕ ವಸಂತದ ಹುಣ್ಣಿಮೆಯ ಹಬ್ಬ. ಕ್ರೈಸ್ತರು ಆ ಹುಣ್ಣಿಮೆಯನ್ನೂ ಬಿಡಲಿಲ್ಲ, ಯೇಸು ಎದ್ದು ಬಂದನೆಂದು ನಂಬುವ ಭಾನುವಾರವನ್ನೂ ಬಿಡಲಿಲ್ಲ. ಎಲ್ಲ ಸಭೆಗಳೂ ಒಂದೇ ಭಾನುವಾರ ಹಬ್ಬ ಆಚರಿಸಬೇಕೆಂದು ಕ್ರಿ.ಶ. 325ರ ನೈಸಿಯಾ ಸಮ್ಮೇಳನ ತೀರ್ಮಾನಿಸಿತು. ಕ್ರಮೇಣ ನಿಂತ ಸೂತ್ರ ಇಷ್ಟು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಮುಂದಿನ ಭಾನುವಾರ. 2025ರಲ್ಲಿ ಆದದ್ದು ಹೀಗೆಯೇ. ಚರ್ಚಿನ ಕೋಷ್ಟಕದ ಹುಣ್ಣಿಮೆ ಏಪ್ರಿಲ್ 13ರ ಭಾನುವಾರಕ್ಕೆ ಬಿದ್ದು, ಹಬ್ಬ 20ಕ್ಕೆ ಹೋಯಿತು. ಹೀಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತಿರುತ್ತದೆ.

ಇದನ್ನು ನಮ್ಮ ಪಂಚಾಂಗದ ಪಕ್ಕಕ್ಕಿಟ್ಟು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಈ ಹುಣ್ಣಿಮೆ ಹೆಚ್ಚಿನ ವರ್ಷಗಳಲ್ಲಿ ಚೈತ್ರದ್ದು, ಅಂದರೆ ಹಂಪಿ ತೇರಿನದು. 2023ರ ಚೈತ್ರ ಹುಣ್ಣಿಮೆ ಏಪ್ರಿಲ್ 6ಕ್ಕೆ ಬಂತು. ಕ್ರೈಸ್ತರಿಗೆ ಅಂದು ಪವಿತ್ರ ಗುರುವಾರ, ಮೂರು ದಿನ ಬಿಟ್ಟು 9ಕ್ಕೆ ಪಾಸ್ಕ. ಕೆಲವು ವರ್ಷ ಮಾತ್ರ ಲೆಕ್ಕ ಒಂದು ತಿಂಗಳು ಹಿಂದೆ ಸರಿದು ಫಾಲ್ಗುಣದ ಕಾಮನ ಹುಣ್ಣಿಮೆಗೆ ತಗುಲಿಕೊಳ್ಳುತ್ತದೆ. 2024ರಲ್ಲಿ ಹೋಳಿ ಮಾರ್ಚ್ 25ಕ್ಕೆ, ಪಾಸ್ಕ 31ಕ್ಕೆ. ಕಾರಣ ಹಿಂದಿನ ವರ್ಷದ ಅಧಿಕ ಶ್ರಾವಣ. ಅಧಿಕ ಮಾಸ ಬಂದುಹೋದ ಮೇಲೆ ನಮ್ಮ ಚೈತ್ರ ಮುಂದಕ್ಕೆ ಹೋಗುತ್ತದೆ, ಮಾರ್ಚ್ 21ರ ನಂತರದ ಮೊದಲ ಹುಣ್ಣಿಮೆ ಫಾಲ್ಗುಣದ ಪಾಲಾಗುತ್ತದೆ. ಹತ್ತೊಂಬತ್ತು ವರ್ಷಕ್ಕೆ ಏಳು ತಿಂಗಳು ಹೆಚ್ಚಿಗೆ ಸೇರಿಸುವ ಗಣಿತ ಎರಡೂ ಕಡೆ ಒಂದೇ. ರೋಮಿನವರೂ ಹಂಪಿಯವರೂ ಕೂತು ಮಾತಾಡಿಕೊಂಡು ಮಾಡಿದ್ದಲ್ಲ. ಚಂದ್ರ ಎಲ್ಲರಿಗೂ ಒಬ್ಬನೇ, ಅಷ್ಟೇ.

ಹಬ್ಬಕ್ಕೆ ಮುಂಚಿನದು ತಪಸ್ಸು ಕಾಲ. ಬೂದಿ ಬುಧವಾರದಿಂದ ಎಣಿಸಿದರೆ ನಲವತ್ತಾರು ದಿನವಾಗುತ್ತದೆ. ನಲವತ್ತು ಎನ್ನುತ್ತಾರಲ್ಲ ಎಂದು ಬೆರಳು ಮಡಿಸಿ ಕೇಳುವ ಮಗುವಿಗೆ, ನಡುವಿನ ಆರು ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ ಎಂದು ಅಜ್ಜಿಯರು ವಿವರಿಸುತ್ತಾರೆ. ಅಂದು ಹಣೆಗೆ ಹಚ್ಚುವ ಬೂದಿ ಎಲ್ಲಿಯದು ಎಂಬುದೂ ಮಕ್ಕಳಿಗೆ ಮೊದಲೇ ಗೊತ್ತು. ಹಿಂದಿನ ವರ್ಷ ಗರಿಗಳ ಭಾನುವಾರ ಮನೆಗೆ ತಂದು, ಶಿಲುಬೆಯ ಆಕಾರಕ್ಕೆ ಹೆಣೆದು, ಬಾಗಿಲ ಮೇಲೋ ಪಟದ ಹಿಂದೆಯೋ ಸಿಕ್ಕಿಸಿದ್ದ ಗರಿ ಒಣಗಿ ಹುಲ್ಲಿನಂತಾಗಿರುತ್ತದೆ. ಅದನ್ನು ಚರ್ಚಿಗೆ ಹಿಂದಿರುಗಿಸಿದರೆ ಸುಟ್ಟು ಬೂದಿ ಮಾಡುತ್ತಾರೆ. ಜೆರುಸಲೇಮಿನ ಜನ ಹಿಡಿದದ್ದು ಖರ್ಜೂರದ ಗರಿ. ನಮ್ಮ ಹಳ್ಳದ ದಂಡೆಯ ಈಚಲು ಅದರ ಸೋದರ ಸಂಬಂಧಿ. ತೆಂಗಿನ ಗರಿಗಿಂತ ಈಚಲ ಗರಿಯೇ ಮೂಲಕ್ಕೆ ಹತ್ತಿರವೆನ್ನಬೇಕು, ಮುಳ್ಳು ಚುಚ್ಚುತ್ತದೆ ಎಂಬುದೊಂದೇ ದೂರು.

ಈ ನಲವತ್ತು ದಿನಗಳಲ್ಲಿ ನೆರೆಹೊರೆಯ ಹಬ್ಬಗಳು ಬಂದು ಹೋಗುತ್ತವೆ. ಹೋಳಿಯಂತೂ ತಪ್ಪದೆ ತಪಸ್ಸು ಕಾಲದಲ್ಲೇ ಬೀಳುತ್ತದೆ. ಹುಣ್ಣಿಮೆ ಚೈತ್ರದ್ದಾದ ವರ್ಷ ಯುಗಾದಿಯೂ ಅದರೊಳಗೇ. ಬೇವು ಬೆಲ್ಲಕ್ಕೆ, ಹೋಳಿಗೆಗೆ ವ್ರತದ ಅಡ್ಡಿಯಿಲ್ಲ. ಪೇಚು ಮಾರನೆಯ ದಿನದ್ದು. ಯುಗಾದಿ ಮುಗಿದ ಬೆಳಿಗ್ಗೆ ಬೀದಿಯ ಅರ್ಧ ಮನೆಗಳಲ್ಲಿ ಮಸಾಲೆ ಅರೆದು ಮಾಂಸ ಬೇಯುತ್ತಿದ್ದರೆ, ವ್ರತ ಹಿಡಿದ ಮನೆಯ ಹುಡುಗರು ಮೂಗು ಮುಚ್ಚಿಕೊಂಡು ಸಾರು ಅನ್ನ ಉಣ್ಣಬೇಕು. ರಂಜಾನ್ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುವುದರಿಂದ ಮೂವತ್ತಮೂರು ವರ್ಷಕ್ಕೊಮ್ಮೆ ಸುತ್ತಿ ಬಂದು ಇದೇ ಋತುವನ್ನು ಹಾಯುತ್ತದೆ. 1991ರಲ್ಲಿ ಪಾಸ್ಕ ಬಂದದ್ದೇ ರಂಜಾನ್ ತಿಂಗಳ ನಡುವೆ, ಮಾರ್ಚ್ 31ಕ್ಕೆ. 2023ರಿಂದ 2025ರವರೆಗೂ ಎರಡು ಉಪವಾಸಗಳು ಒಂದರ ಮೇಲೊಂದು ಬಂದವು. 1991ರಲ್ಲಿ ಶಾಲೆಯ ಬೆಂಚಿನಲ್ಲಿ ಮುಸ್ಲಿಂ ಗೆಳೆಯನ ಪಕ್ಕ ಹಸಿದು ಕೂತವರ ಮಕ್ಕಳು ಈಗ ಹಾಗೆಯೇ ಕೂರುವ ವಯಸ್ಸಿನವರು.

ಈ ಸೀಮೆಗೆ ಕ್ರೈಸ್ತರು ಬಂದ ಬಗೆ ಒಂದೇ ತೆರನಾದುದಲ್ಲ. ವಿಜಯನಗರದ ಕಾಲದಲ್ಲಿ ಬಂದ ದೊಮಿಂಗೊ ಪಾಯೆಸ್, ಫೆರ್ನಾವೊ ನೂನಿಜ್ ಮುಂತಾದ ಪೋರ್ಚುಗೀಸರು ನೋಡಿ, ಬರೆದು ಹೋದವರು. ಅವರಿಂದ ಇಲ್ಲಿ ಸಭೆ ನೆಲೆಯಾಗಲಿಲ್ಲ. ನೆಲೆ ಸಿಕ್ಕಿದ್ದು 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ನಂತರ. ಬೈಬಲ್ಲನ್ನು ಕನ್ನಡಕ್ಕೆ ತಂದ ಮೊದಲಿಗರಲ್ಲಿ ಆತನೊಬ್ಬ. 1830ರ ದಶಕದ ಆರಂಭಕ್ಕೆ ಇಡೀ ಗ್ರಂಥ ಬಳ್ಳಾರಿಯಲ್ಲಿ ಅಚ್ಚಾಗಿತ್ತು. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತ್ಯ ರಚನೆಯಾದದ್ದು 1949ರಲ್ಲಿ. ಆ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿನ ಕೆಲಸ ಭರದಿಂದ ಸಾಗಿತ್ತು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಮುಗಿದ ಆ ಅಣೆಕಟ್ಟು, ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಗಣಿಗಳು, ರೈಲ್ವೆ, ಆಸ್ಪತ್ರೆ, ಶಾಲೆ ಇವೆಲ್ಲ ತೆಲುಗು, ತಮಿಳು, ಮಲಯಾಳ, ಕೊಂಕಣಿ ಮನೆಮಾತಿನ ಜನರನ್ನು ಇಲ್ಲಿಗೆ ಎಳೆದವು. ಅವರಲ್ಲಿ ಕ್ರೈಸ್ತರೂ ಇದ್ದರು. ಹೀಗಾಗಿ ಪಾಸ್ಕ ಎಂದರೆ ಇಲ್ಲಿ ಒಂದು ಹಬ್ಬವಲ್ಲ, ನಾಲ್ಕೈದು ಊರುಗಳಿಂದ ಗಂಟು ಕಟ್ಟಿ ತಂದ ಹಬ್ಬ.

ಕೇರಳ ಮೂಲದ ಸಿರಿಯನ್ ಕ್ರೈಸ್ತರದು ಐವತ್ತು ದಿನದ ನೋಂಬು. ಮಾಂಸ, ಮೀನು, ಮೊಟ್ಟೆಯಷ್ಟೇ ಅಲ್ಲ, ಕಟ್ಟುನಿಟ್ಟಿನ ಮನೆಗಳಲ್ಲಿ ಹಾಲೂ ಇಲ್ಲ. ಪವಿತ್ರ ಗುರುವಾರದ ರಾತ್ರಿ ಆ ಮನೆಗಳಲ್ಲಿ ಪೆಸಹಾ ಅಪ್ಪ ಬೇಯುತ್ತದೆ. ಅಕ್ಕಿ, ಉದ್ದು ರುಬ್ಬಿ, ಹುಳಿ ಬರಿಸದೆ ಹಬೆಯಲ್ಲಿ ಬೇಯಿಸಿದ ದಪ್ಪನೆಯ ಅಪ್ಪ. ನಡುವೆ ಗರಿಯ ಪುಟ್ಟ ಶಿಲುಬೆ. ಮನೆಯ ಹಿರಿಯ ಪ್ರಾರ್ಥನೆ ಮಾಡಿ ಅದನ್ನು ಮುರಿದು, ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರಿಗೂ ಕೊಡುತ್ತಾನೆ. ಅದ್ದಿಕೊಳ್ಳಲು ತೆಂಗಿನ ಹಾಲಿನಲ್ಲಿ ಬೆಲ್ಲ ಕರಗಿಸಿದ ಪಾಲು. ಕಬ್ಬಿನ ಸೀಮೆಯಾದ ಕಂಪ್ಲಿ, ಕಮಲಾಪುರದ ಸುತ್ತ ಬೆಲ್ಲಕ್ಕೆ ಬರವೇನಿಲ್ಲ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ. ಹಾಗೆಂದು ಆ ಮನೆಯವರು ಅಪ್ಪವಿಲ್ಲದೆ ಮಲಗುವುದೂ ಇಲ್ಲ. ಬಂಧುಗಳೋ ನೆರೆಯವರೋ ಮುಚ್ಚಿದ ಪಾತ್ರೆಯಲ್ಲಿ ತಂದುಕೊಡುತ್ತಾರೆ. ಆ ಪಾತ್ರೆ ಹಿಡಿದು ಹೋಗುವ ಕೆಲಸ ಬಹುಮಟ್ಟಿಗೆ ಮಕ್ಕಳದ್ದೇ. ಸಾವು ಎಂದರೇನೆಂದು ಮೊದಲು ತಿಳಿದದ್ದು ಆ ಬಾಗಿಲಲ್ಲಿ ನಿಂತಾಗ ಎನ್ನುವವರುಂಟು.

ಗುರುವಾರ ರಾತ್ರಿಯ ಪೂಜೆಯಲ್ಲಿ ಕಥೋಲಿಕ ಚರ್ಚಿನ ಗಂಟೆ ಕೊನೆಯ ಬಾರಿ ಬಾರಿಸುತ್ತದೆ. ಮತ್ತೆ ಅದು ದನಿ ತೆಗೆಯುವುದು ಶನಿವಾರ ರಾತ್ರಿಯೇ. ನಡುವೆ ಮರದ ಹಲಗೆಯ ಚಟಪಟ ಸದ್ದು ಮಾತ್ರ. ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸಿರುತ್ತಾರೆ. ಶುಭ ಶುಕ್ರವಾರ ಮನೆಯಲ್ಲಿಯೂ ಅದೇ ಮೌನ. ರೇಡಿಯೊ ಹಚ್ಚುವಂತಿಲ್ಲ, ತಲೆಗೆ ಎಣ್ಣೆಯಿಲ್ಲ, ಊಟಕ್ಕೆ ಗಂಜಿ. ಕೇರಳದವರಲ್ಲಿ ಹಾಗಲಕಾಯಿಯ ಕಹಿ ನೀರು ಗುಟುಕರಿಸುವ ಪದ್ಧತಿ. ಶಿಲುಬೆಯ ಮೇಲೆ ಯೇಸುವಿಗೆ ಹುಳಿರಸ ಕುಡಿಯಲು ಕೊಟ್ಟರೆಂಬುದರ ನೆನಪು. ಹದಿನಾಲ್ಕು ನಿಲುಗಡೆಗಳ ಶಿಲುಬೆ ಹಾದಿಯನ್ನು ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನಡೆಯುವುದೆಂದರೆ ಅದೇ ಒಂದು ತಪಸ್ಸು. ಯುರೋಪಿನವರಿಗೆ ಇದು ಹಿಮ ಕರಗಿ ಹೂ ಬಿಡುವ ಹೊತ್ತು. ನಮ್ಮ ಪಂಚಾಂಗವೂ ವಸಂತ ಋತು ಎಂದೇ ಹೇಳುತ್ತದೆ. ಹಂಪಿಯ ಬಂಡೆಗಳಿಗೆ ಮಾತ್ರ ಅದು ಗೊತ್ತಿದ್ದಂತಿಲ್ಲ.

ಪ್ರಾಟೆಸ್ಟಂಟ್ ಮನೆಗಳ ಮಕ್ಕಳ ನೆನಪು ಬೇರೆ. ಲಂಡನ್ ಮಿಷನ್ನಿನವರು ಉಪವಾಸದ ಕಾಲಕ್ಕೆ ಹೆಚ್ಚು ಮಹತ್ವ ಕೊಟ್ಟವರಲ್ಲ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದವರೆಲ್ಲ ಒಂದುಗೂಡಿ ದಕ್ಷಿಣ ಭಾರತ ಸಭೆಯಾದ ಮೇಲೆ ಪದ್ಧತಿಗಳೂ ಬೆರೆತವು. ಅವರಿಗೆ ಶುಭ ಶುಕ್ರವಾರವೆಂದರೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಡೆಯುವ ಏಳು ಮಾತುಗಳ ಆರಾಧನೆ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಜನ ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ. ಈ ಮೂರು ಗಂಟೆಯ ಕ್ರಮ ಹುಟ್ಟಿದ್ದು ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರದಲ್ಲಿ, ಹದಿನೇಳನೆಯ ಶತಮಾನದ ಜೆಸ್ವಿಟ್ ಪಾದ್ರಿಗಳ ನಡುವೆ. ಕಥೋಲಿಕರು ಹುಟ್ಟುಹಾಕಿದ್ದನ್ನು ಪ್ರಾಟೆಸ್ಟಂಟರು ಹೀಗೆ ಉಳಿಸಿಕೊಂಡದ್ದು ತಮಾಷೆಯ ಸಂಗತಿ. ನಾಲ್ಕನೆಯ ಮಾತಿಗೆ ತೂಕಡಿಸಿ, ಏಳನೆಯದಕ್ಕೆ ಅಮ್ಮನ ಮೊಣಕೈ ತಿವಿತಕ್ಕೆ ಎಚ್ಚರವಾಗುವುದು ಆ ಮಕ್ಕಳ ಪಾಲಿನ ಸಂಪ್ರದಾಯ.

ವ್ರತ ಮುಗಿಯುವ ಗಳಿಗೆ ಯಾವುದು? ಎಂಬತ್ತು ದಾಟಿದ ಕಥೋಲಿಕರೂ ಅವರ ಮೊಮ್ಮಕ್ಕಳೂ ಇದಕ್ಕೆ ಒಂದೇ ಉತ್ತರ ಕೊಡಲಾರರು. ಹಿಂದೆ ಪಾಸ್ಕ ಜಾಗರಣೆಯ ಪೂಜೆ ಶನಿವಾರ ಬೆಳಿಗ್ಗೆಯೇ ನಡೆದುಹೋಗುತ್ತಿತ್ತು. ಅಂದು ಮಧ್ಯಾಹ್ನಕ್ಕೆ ಉಪವಾಸ ಮುಗಿಯುತ್ತಿತ್ತು. ಹೆಸರು ಜಾಗರಣೆ, ಹೊತ್ತು ಹಗಲು! ಪೋಪ್ ಹನ್ನೆರಡನೆಯ ಪಯಸ್ 1955ರಲ್ಲಿ ಹೊರಡಿಸಿದ ಆಜ್ಞೆಯಿಂದ ಮಾರನೆಯ ವರ್ಷ ಅದು ರಾತ್ರಿಗೆ ಹೋಯಿತು. ಅಂದಿನಿಂದ ಶನಿವಾರ ಕತ್ತಲಲ್ಲಿ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ನಾಲ್ಕು ಅಂಕೆ ಕೊರೆದ ದೊಡ್ಡ ಮೇಣದಬತ್ತಿಗೆ ತಾಗಿಸಿ, ಅದರಿಂದ ಕೈಯಿಂದ ಕೈಗೆ ಬೆಳಕು ದಾಟಿಸುವುದು ಮಕ್ಕಳ ಕಣ್ಣಿಗೆ ಹಬ್ಬದ ಹಬ್ಬ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದ ಕೊನೆಯ ಹೊತ್ತಿಗೆ, ಲ್ಯಾಟಿನ್ ಹೋಗಿ ಪೂಜೆ ಕನ್ನಡಕ್ಕೆ ಬಂತು. ಅಜ್ಜಿಯರಿಗೆ ಅರ್ಥವಾಗದೆಯೂ ಬಾಯಿಪಾಠವಿದ್ದ ಲ್ಯಾಟಿನ್ ಸಾಲುಗಳು ಅವರ ಜೊತೆಗೇ ಹೋದವು.

ಮೊಟ್ಟೆಯ ಕಥೆಗೆ ಬಂದರೆ, ಮೂಲ ಸರಳ. ಹಿಂದಿನ ಯುರೋಪಿನಲ್ಲಿ ನಲವತ್ತು ದಿನ ಮೊಟ್ಟೆ ವರ್ಜ್ಯ. ಆದರೆ ಕೋಳಿಗೆ ತಪಸ್ಸು ಕಾಲ ಗೊತ್ತೇ? ಅದು ಇಡುತ್ತಲೇ ಇತ್ತು. ಕೂಡಿಬಿದ್ದ ಮೊಟ್ಟೆಯನ್ನು ಬೇಯಿಸಿ, ಬಣ್ಣ ಹಚ್ಚಿ ಹಬ್ಬದ ದಿನ ಹಂಚಿದರು. ಚಿಪ್ಪು ಒಡೆದು ಮರಿ ಬರುವುದು ಸಮಾಧಿಯಿಂದ ಎದ್ದುಬರುವುದಕ್ಕೆ ಸಂಕೇತವೆಂಬ ವ್ಯಾಖ್ಯಾನ ಇದಕ್ಕೆ ಕೂಡಿಕೊಂಡಿತು. ಈರುಳ್ಳಿ ಸಿಪ್ಪೆ ಹಾಕಿ ಕುದಿಸಿದರೆ ಮೊಟ್ಟೆಗೆ ಕಂದುಗೆಂಪು ಬಣ್ಣ ಹತ್ತುತ್ತದೆ; ಬೀಟ್‌ರೂಟಾದರೆ ನಸುಗೆಂಪು. ಬೇಕರಿಯ ಸಕ್ಕರೆ ಮೊಟ್ಟೆ ಬೇಕಾದರೆ ಬಳ್ಳಾರಿಯಿಂದಲೋ ಹುಬ್ಬಳ್ಳಿಯಿಂದಲೋ ಬರುವ ಬಂಧುಗಳನ್ನು ನೆಚ್ಚಬೇಕು. ಚಾಕೊಲೇಟಿನದಂತೂ ಈ ಸೆಕೆಗೆ ಹೊಸಪೇಟೆ ನಿಲ್ದಾಣ ಮುಟ್ಟುವಷ್ಟರಲ್ಲಿ ಪಾಯಸ. ಅಡುಗೆಮನೆಯಲ್ಲಿ ಒಬ್ಬರಲ್ಲಿ ಬಿರಿಯಾನಿ, ಇನ್ನೊಬ್ಬರಲ್ಲಿ ಅಪ್ಪ ಮತ್ತು ಕೋಳಿಯ ಗಸಿ, ಹಳ್ಳಿಯ ಕಡೆ ಜೋಳದ ರೊಟ್ಟಿಗೆ ಖಾರದ ಸಾರು. ಯುಗಾದಿಗೆ ಹೋಳಿಗೆ ಕೊಟ್ಟ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದೆಂದು ಇಟ್ಟುಕೊಂಡಿದ್ದವರು ಅಂದು ಅದರಲ್ಲಿ ಸಿಹಿ ತುಂಬಿಸಿ ಕಳಿಸುತ್ತಾರೆ. ಸಸ್ಯಾಹಾರಿಗಳ ಮನೆಗೆ ಹೋಗುವ ತಟ್ಟೆಯ ಕೇಕಿಗೆ ಮೊಟ್ಟೆ ಹಾಕಿಲ್ಲವೆಂದು ಎರಡೆರಡು ಸಲ ಹೇಳಿ ಬರಬೇಕು.

2020ರ ಪಾಸ್ಕ ಏಪ್ರಿಲ್ 12ಕ್ಕೆ, ಲಾಕ್‌ಡೌನ್ ನಡುವೆ ಬಂತು. ಚರ್ಚುಗಳ ಬಾಗಿಲು ಮುಚ್ಚಿದ್ದವು. ಮನೆಯೊಳಗೇ ಮುಗಿಯುವ ಪೆಸಹಾ ಅಪ್ಪದಂಥ ಆಚರಣೆಗಳಿಗೆ ಅಂದು ಅಡ್ಡಿಯಾಗಲಿಲ್ಲ. ಅದಕ್ಕಿಂತ ದೊಡ್ಡ ಹೊಡೆತ ಬೇರೆ ದಿಕ್ಕಿನಿಂದ ಬಿದ್ದದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಯನ್ನೇ ನಂಬಿ ಬಂದ ಕುಟುಂಬಗಳಿಗೆ, ಯಾವ ಮತದವರೇ ಆಗಲಿ, ಮತ್ತೆ ಗಂಟುಮೂಟೆ ಕಟ್ಟುವ ಯೋಚನೆ ಬಂತು. ಓದಿದ ಮಕ್ಕಳಂತೂ ಬೆಂಗಳೂರು, ಕೊಲ್ಲಿ ದೇಶಗಳ ದಾರಿ ಹಿಡಿಯುತ್ತಿದ್ದರು. ಮನೆ ಖಾಲಿ ಮಾಡಿ ಹೋಗುವವರು ಪಾತ್ರೆ ಪಡಗ ಒಯ್ಯಬಹುದು, ಹಬ್ಬವನ್ನೂ ಒಯ್ಯಬಹುದು. ಗೋರಿಗಳನ್ನು ಒಯ್ಯಲಾಗದು.

ತೆಲುಗು ಸೀಮೆಯ ಪ್ರಾಟೆಸ್ಟಂಟರಲ್ಲಿ ಪಾಸ್ಕದ ಭಾನುವಾರ ಆರಂಭವಾಗುವುದೇ ಸಮಾಧಿ ಭೂಮಿಯಲ್ಲಿ. ಮಗ್ದಲದ ಮರಿಯಳು ಇನ್ನೂ ಕತ್ತಲಿರುವಾಗಲೇ ಯೇಸುವಿನ ಸಮಾಧಿಗೆ ಹೋದಳೆಂಬ ಸುವಾರ್ತೆಯ ಮಾತಿನಂತೆ ನಸುಕಿಗೆ ಮುಂಚೆಯೇ ಹೊರಡುತ್ತಾರೆ. ಹಿಂದಿನ ವಾರವೇ ಮುಳ್ಳು ಕಡಿದು, ಗೋರಿಗಳಿಗೆ ಸುಣ್ಣ ಬಳಿದಿರುತ್ತಾರೆ. ಮಕ್ಕಳ ಕೈಯಲ್ಲಿ ಮಲ್ಲಿಗೆ, ಚೆಂಡುಹೂವು, ಮೇಣದಬತ್ತಿಯ ಕಟ್ಟು. ಅಜ್ಜನದು, ಚಿಕ್ಕಮ್ಮನದು, ಹುಟ್ಟಿದ ವಾರಕ್ಕೇ ಹೋದ ತಮ್ಮನದು ಎಂದು ಒಂದೊಂದಕ್ಕೂ ಬತ್ತಿ ಹಚ್ಚಿ ಮುಗಿಸಿದ ಮೇಲೂ ಕಟ್ಟಿನಲ್ಲಿ ಕೆಲವು ಉಳಿಯುತ್ತವೆ. ಅವನ್ನು ಮನೆಗೆ ಒಯ್ಯುವುದಿಲ್ಲ. ಪಕ್ಕದಲ್ಲಿ ಯಾರೂ ಬಾರದ ಗೋರಿಗಳಿರುತ್ತವೆ. ಕೆಲವುದರ ಕಲ್ಲಿನ ಮೇಲಿನ ಹೆಸರು ತಮಿಳಿನಲ್ಲಿ, ಮಲಯಾಳದಲ್ಲಿ. ಕನ್ನಡ ಶಾಲೆಯ ಮಕ್ಕಳಿಗೆ ಓದಲು ಬಾರದು. ಅವರು ಹೆಸರು ಕೇಳುವುದೂ ಇಲ್ಲ, ಗಾಳಿಗೆ ಅಂಗೈ ಅಡ್ಡ ಹಿಡಿದು ಬತ್ತಿ ಹಚ್ಚಿಟ್ಟು ಓಡುತ್ತಾರೆ. ಮನೆಯಲ್ಲಿ ಮೊಟ್ಟೆ ಬೆಂದಿರುತ್ತದೆ.