ಜೋಳದ ರೊಟ್ಟಿ ಹರಿಯುವುದೇಕೆ? ದೋಷಗಳು ಮತ್ತು ಪರಿಹಾರ

ಕಳೆದ ಹಿಂಗಾರಿನ ಸುಗ್ಗಿಯಲ್ಲಿ ಜೋಳದ ಬೆಳೆ ನೋಡಲು ಮಸ್ಕಿ ಸಮೀಪದ ಒಂದು ಹಳ್ಳಿಗೆ ಹೋಗಿದ್ದೆ. ಹೊಲದಿಂದ ಬಂದು ಊಟಕ್ಕೆ ಕುಳಿತಾಗ ಮನೆಯ ಹಿರಿಯ ತಾಯಿ ತುಂಡಾದ ರೊಟ್ಟಿಯನ್ನು ತಟ್ಟೆಗೆ ಹಾಕುತ್ತ, “ಬೇಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಸೊಸಿ ಸಿಂಧನೂರು ಕಡಿಯಾಕಿ. ಅನ್ನ ಉಂಡು ಬೆಳೆದಾಕಿ. ರೊಟ್ಟಿ ಕೈಗೆ ಹತ್ತವಲ್ದು” ಎಂದರು. ಒಲೆಯ ಮುಂದೆ ಕುಳಿತಿದ್ದ ಸೊಸೆ ತಲೆ ಎತ್ತಲಿಲ್ಲ. ಮದುವೆಯಾಗಿ ಹತ್ತು ತಿಂಗಳಾಗಿತ್ತಂತೆ. ದಿನವೂ ಎರಡು ಹೊತ್ತು ಇದೇ ಮಾತು.

ನಾನು ಹಿಟ್ಟಿನ ಡಬ್ಬಿಯನ್ನೂ ಕಾಳಿನ ಚೀಲವನ್ನೂ ತರಿಸಿ ನೋಡಿದೆ. ಅದು ಮುಂಗಾರಿ ಜೋಳ. ತೆನೆ ಮಾಗುವ ಹೊತ್ತಿಗೆ ಮಳೆ ಹಿಡಿದು ಕಾಳು ಬೂದು ಬಣ್ಣಕ್ಕೆ ತಿರುಗಿತ್ತು. ಕೆಲವು ಕಾಳುಗಳ ಮೊಳಕೆಯ ತುದಿ ಒಡೆದಿತ್ತು. ನೆರೆಮನೆಯಿಂದ ಹೊಸ ಹಿಂಗಾರಿ ಜೋಳದ ಹಿಟ್ಟು ತರಿಸಿ, ಅದೇ ಸೊಸೆಯ ಕೈಯಿಂದ, ಅದೇ ಹಂಚಿನ ಮೇಲೆ ಎರಡು ರೊಟ್ಟಿ ಮಾಡಿಸಿದೆವು. ಎರಡೂ ಹರಿಯದೆ ಬಂದವು, ಒಂದು ಪೂರಾ ಉಬ್ಬಿತು. ಆಮೇಲೆ ಅತ್ತೆಯವರು ತಾವೇ ಕುಳಿತು ಮನೆಯ ಹಿಟ್ಟಿನಿಂದ ಬಡಿದರು. ಐವತ್ತು ವರ್ಷ ರೊಟ್ಟಿ ಬಡಿದ ಆ ಕೈಯಲ್ಲಿಯೂ ರೊಟ್ಟಿ ಎತ್ತುವಾಗಲೇ ಹರಿಯಿತು.

ರೈತ ಬಾಂಧವರು ಇದರಿಂದ ತಿಳಿಯಬೇಕಾದುದು ಒಂದೇ ವಿಷಯ. ರೊಟ್ಟಿಯ ದೋಷ ಕಾಣುವುದು ಹಂಚಿನ ಮೇಲೆ, ಆದರೆ ಅದು ಹುಟ್ಟುವುದು ಎಷ್ಟೋ ಸಲ ಹೊಲದಲ್ಲಿ, ಕಣದಲ್ಲಿ, ಇಲ್ಲವೆ ಚೀಲದಲ್ಲಿ. ಕೈಯನ್ನು ದೂರುವ ಮುನ್ನ ಕಾಳನ್ನು ನೋಡಬೇಕು.

ಜೋಳದ ಹಿಟ್ಟಿನ ಗುಣ

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಸಸಾರಜನಕವು ಗ್ಲುಟೆನ್ ಎಂಬ ಎಳೆಯುಳ್ಳ ಅಂಟಾಗುತ್ತದೆ. ಚಪಾತಿ ಹರಿಯದೆ ಲಟ್ಟಿಸಿಕೊಳ್ಳುವುದು ಇದರಿಂದ. ಬೇಕರಿಯವರು ಪದರ ಪದರದ ಪಫ್ ಮಾಡುವಾಗ ಮೈದಾ ಹಿಟ್ಟನ್ನೂ ಕೊಬ್ಬನ್ನೂ ತಣ್ಣಗೆ ಇಟ್ಟುಕೊಳ್ಳುತ್ತಾರೆ. ಕೊಬ್ಬು ಕರಗಿ ಹಿಟ್ಟಿನೊಳಗೆ ಬೆರೆತರೆ ಪದರ ಏಳುವುದಿಲ್ಲ. ಜೋಳದ ಹಿಟ್ಟಿನ ದಾರಿ ಇದಕ್ಕೆ ತೀರ ವಿರುದ್ಧ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಿನಲ್ಲಿ ಎಷ್ಟು ಹೊತ್ತು ನಾದಿದರೂ ಅದು ಕೂಡಿಕೊಳ್ಳುವುದಿಲ್ಲ. ಇಲ್ಲಿ ಅಂಟಿನ ಕೆಲಸ ಮಾಡುವುದು ಪಿಷ್ಟ. ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಕುಡಿದು ಉಬ್ಬಿ ಜಿಗುಟಾಗುತ್ತವೆ. ನಮ್ಮ ತಾಯಂದಿರು ಎಸರು ಕುದಿಸಿ ಹಿಟ್ಟಿಗೆ ಹಾಕುವುದರ ಗುಟ್ಟು ಇದೇ. ಹಿಟ್ಟಿನ ಒಂದು ಭಾಗ ಎಸರಿನಲ್ಲಿ ಬೆಂದು ಅಂಟಾಗುತ್ತದೆ, ಉಳಿದ ಹಿಟ್ಟನ್ನು ಅದು ಹಿಡಿದಿಡುತ್ತದೆ. ಜನರು ‘ಜಿಗಿ’ ಎನ್ನುವುದು ಇದನ್ನೇ.

ಆದ್ದರಿಂದ ರೊಟ್ಟಿ ಕೆಟ್ಟಾಗ ಎರಡು ಪ್ರಶ್ನೆ ಕೇಳಬೇಕು. ಪಿಷ್ಟಕ್ಕೆ ಸಾಕಷ್ಟು ಶಾಖವೂ ನೀರೂ ದೊರೆತವೇ? ದೊರೆತಿದ್ದರೆ, ಆ ಪಿಷ್ಟ ಮೊದಲೇ ಕೆಟ್ಟಿತ್ತೇ?

ಅಡುಗೆ ಮನೆಯ ದೋಷಗಳು

1. ಬಡಿಯುವಾಗ ಅಂಚು ಬಿರಿಯುವುದು: ನೀರು ಸಾಲದಿದ್ದರೆ ಅಥವಾ ಎಸರು ಕುದಿಯದಿದ್ದರೆ ಹೀಗಾಗುತ್ತದೆ. ಎಸರು ಬರಿ ಬಿಸಿಯಾದರೆ ಸಾಲದು, ಕುದಿ ಬಂದಿರಬೇಕು. ಸಾಮಾನ್ಯವಾಗಿ ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರು ಬೇಕಾಗುತ್ತದೆ. ಹಳೆಯ ಕಾಳಿಗೆ ಸ್ವಲ್ಪ ಹೆಚ್ಚು ಹಿಡಿಯಬಹುದು. ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಹೊಯ್ದು, ಸೌಟಿನಿಂದ ಕಲಸಿ, ಐದು ನಿಮಿಷ ಮುಚ್ಚಿಡಬೇಕು. ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು.

2. ನಾದಿದ ಹಿಟ್ಟು ಕೈಗೆ ಮೆತ್ತಿಕೊಳ್ಳುವುದು: ಎಸರು ಹೆಚ್ಚಾಗಿದೆ, ಇಲ್ಲವೆ ಹಿಟ್ಟೆಲ್ಲ ಎಸರಿನಲ್ಲಿಯೇ ಬೆಂದಿದೆ. ಒಣಹಿಟ್ಟು ಸೇರಿಸಿ ಮತ್ತೆ ನಾದಿದರೆ ಸರಿಹೋಗುತ್ತದೆ.

3. ಮೊದಲ ರೊಟ್ಟಿ ಚೆನ್ನಾಗಿ ಬಂದು ಕೊನೆಯವು ಹರಿಯುವುದು: ಹಿಟ್ಟು ಆರಿ ಒಣಗಿದೆ. ಎಲ್ಲವನ್ನೂ ಒಮ್ಮೆಗೇ ನಾದಿ ಇಡದೆ, ಒಂದೊಂದು ರೊಟ್ಟಿಗೆ ಬೇಕಾದಷ್ಟು ಹಿಟ್ಟನ್ನು ನೀರು ಚಿಮುಕಿಸಿ ಅಂಗೈಯ ಬುಡದಿಂದ ಒತ್ತಿ ನಾದಿಕೊಳ್ಳಬೇಕು. ಉಳಿದುದಕ್ಕೆ ಒದ್ದೆ ಬಟ್ಟೆ ಮುಚ್ಚಬೇಕು.

4. ಹಂಚಿನ ಮೇಲೆ ಮೇಲ್ಮೈ ಬಿರಿಯುವುದು: ನೀರು ಸವರುವುದು ತಡವಾಗಿದೆ. ಹಂಚಿಗೆ ಹಾಕಿದ ಕೂಡಲೆ ಮೇಲಿನ ಒಣಹಿಟ್ಟು ತೊಯ್ಯುವಂತೆ ಒದ್ದೆ ಬಟ್ಟೆಯಿಂದ ಸವರಬೇಕು. ಆ ನೀರು ಪೂರ್ತಿ ಆರುವ ಮೊದಲೇ ಮಗುಚಬೇಕು.

5. ರೊಟ್ಟಿ ಉಬ್ಬದಿರುವುದು: ಒಳಗಿನ ತೇವ ಹಬೆಯಾಗಿ ಎರಡು ಪದರಗಳನ್ನು ಬೇರ್ಪಡಿಸಿದರೆ ರೊಟ್ಟಿ ಉಬ್ಬುತ್ತದೆ. ದಪ್ಪ ಒಂದೇ ಸಮನಿಲ್ಲದಿದ್ದರೆ, ಎಲ್ಲಿಯಾದರೂ ಬಿರುಕಿದ್ದರೆ ಅಥವಾ ಹಂಚು ಸಾಕಷ್ಟು ಕಾಯ್ದಿರದಿದ್ದರೆ ಹಬೆ ನಿಲ್ಲುವುದಿಲ್ಲ. ಹಂಚಿನ ಮೇಲೆ ಚಿಮುಕಿಸಿದ ನೀರಿನ ಹನಿ ಚುರ್ ಎಂದು ಹಾರಿಹೋದರೆ ಹದ ಬಂದಿದೆ ಎಂದು ತಿಳಿಯಬೇಕು.

6. ಆರಿದ ಮೇಲೆ ಬಿರುಸಾಗುವುದು: ಬೆಂದ ಪಿಷ್ಟವು ತಣ್ಣಗಾದಂತೆ ಮತ್ತೆ ಗಟ್ಟಿಯಾಗುವುದು ಸಹಜ. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಹೆಚ್ಚು ಹೊತ್ತು ಮೆತ್ತಗಿರುತ್ತದೆ.

7. ಖಡಕ್ ರೊಟ್ಟಿ ಮೆತ್ತಗಾಗುವುದು, ಬೂಷ್ಟು ಹಿಡಿಯುವುದು: ತೆಳ್ಳಗೆ ಬಡಿದು, ಬೆಂದ ಮೇಲೆ ಒಲೆಯ ಪಕ್ಕದಲ್ಲಿ ತೇವವೆಲ್ಲ ಹೋಗುವವರೆಗೆ ಒಣಗಿಸಬೇಕು. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಹಬೆ ನೀರಾಗಿ ಇಳಿದು ಬೂಷ್ಟು ಹಿಡಿಯುತ್ತದೆ. ಮಾರಾಟಕ್ಕೆ ರೊಟ್ಟಿ ಮಾಡುವ ಮಹಿಳಾ ಸಂಘಗಳವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಪೂರ್ತಿ ತಣ್ಣಗಾದ ಮೇಲೆಯೇ ಕಟ್ಟಬೇಕು.

ಗಿರಣಿ ಮತ್ತು ಡಬ್ಬಿಯ ದೋಷಗಳು

ತರಿ ತರಿಯಾದ ಹಿಟ್ಟು ನೀರನ್ನು ಬೇಗ ಕುಡಿಯುವುದಿಲ್ಲ, ರೊಟ್ಟಿ ಬಿರಿಯುತ್ತದೆ. ಆದುದರಿಂದ ನುಣ್ಣಗೆ ಬೀಸಿಸಬೇಕು. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹರವಿ ಆರಿಸಿ ನಂತರ ಡಬ್ಬಿಗೆ ತುಂಬಬೇಕು. ಜೋಳದಲ್ಲಿ ಶೇಕಡಾ 3ರಷ್ಟು, ಸಜ್ಜೆಯಲ್ಲಿ ಶೇಕಡಾ 5ರಷ್ಟು ಎಣ್ಣೆಯ ಅಂಶವಿರುತ್ತದೆ. ಬೀಸಿದ ಮೇಲೆ ಈ ಎಣ್ಣೆ ಕೆಡಲಾರಂಭಿಸಿ ಹಿಟ್ಟು ಕಹಿಯಾಗುತ್ತದೆ. ಬೇಸಿಗೆಯಲ್ಲಿ ಜೋಳವನ್ನು ಹತ್ತು ದಿನಕ್ಕೆ, ಸಜ್ಜೆಯನ್ನು ಐದಾರು ದಿನಕ್ಕೆ ಸಾಕಾಗುವಷ್ಟೇ ಬೀಸಿಸುವುದು ಒಳ್ಳೆಯದು. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯಬಾರದು.

ಕಾಳು ಚೆನ್ನಾಗಿದ್ದು ಹಿಟ್ಟಿಗೆ ಮಾತ್ರ ಜಿಗಿ ಕಡಿಮೆಯಿದ್ದರೆ ಎರಡು ಉಪಾಯಗಳಿವೆ. ಎಸರಿನಲ್ಲಿಯೇ ಒಂದು ಹಿಡಿ ಹಿಟ್ಟು ಹಾಕಿ ಗಂಜಿಯಂತೆ ಕುದಿಸಿ, ಅದರಿಂದ ಉಳಿದ ಹಿಟ್ಟನ್ನು ಕಲಸಬಹುದು. ಇಲ್ಲವೆ ಎಂಟು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಗೋಧಿ ಹಿಟ್ಟು ಬೆರೆಸಬಹುದು.

ಹೊಲ ಮತ್ತು ಕಣದ ದೋಷಗಳು

ಮಾಗಿದ ತೆನೆಯ ಮೇಲೆ ಮಳೆ ಬಿದ್ದರೆ ಕಾಳು ತೆನೆಯಲ್ಲಿಯೇ ಮೊಳೆಯಲು ತೊಡಗುತ್ತದೆ. ಆಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಒಡೆದ ಪಿಷ್ಟ ಎಸರಿನಲ್ಲಿ ಅಂಟಾಗದು. ನಾನು ಕಂಡ ಆ ಮನೆಯ ಹಿಟ್ಟಿನಲ್ಲಿ ಜಿಗಿ ಇರದಿದ್ದುದು ಇದರಿಂದಲೇ.

ದೇಶದ ಮೊದಲ ಸಂಕರಣ ಜೋಳವಾದ ಸಿ.ಎಸ್.ಎಚ್.-1 ಬಿಡುಗಡೆಯಾದುದು 1964ರಲ್ಲಿ. ಅಲ್ಲಿಂದ ಮುಂಗಾರಿ ಜೋಳದ ಇಳುವರಿ ಏರಿತು. ಆದರೆ ಬೇಗ ಮಾಗುವ ತಳಿಗಳ ತೆನೆಗಳು ಮಳೆಗಾಲ ಮುಗಿಯುವ ಮುನ್ನವೇ ಮಾಗಿ ಬೂಷ್ಟಿಗೆ ಸಿಕ್ಕಿದವು. ಹಿಂಗಾರಿ ಜೋಳ ಮಾಗುವುದು ಒಣ ಹವೆಯಲ್ಲಿ, ಜನವರಿ-ಫೆಬ್ರವರಿ ತಿಂಗಳುಗಳಲ್ಲಿ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ. 35-1, ಅಂದರೆ ಮಾಲ್ದಂಡಿ, ಇಂದಿಗೂ ರೊಟ್ಟಿಗೆ ಮೆಚ್ಚಿನ ಜೋಳವಾಗಿರುವುದಕ್ಕೆ ಅದರ ಮುತ್ತಿನಂತಹ ಕಾಳಿನ ಜೊತೆಗೆ ಈ ಒಣ ಹವೆಯೂ ಕಾರಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರು ಭಾಗ ಭತ್ತದ ಸೀಮೆಯಾಗಿದೆ. ಕಾಲುವೆ ಮುಟ್ಟದ ಎರೆಹೊಲಗಳಿಗೆ ಮಾತ್ರ ಹಿಂಗಾರಿ ಜೋಳವೇ ನಂಬಿಕೆಯ ಬೆಳೆ.

ಊಟದ ಜೋಳಕ್ಕಾಗಿ ಈ ಕ್ರಮಗಳನ್ನು ಅನುಸರಿಸಬೇಕು:

ಅ) ಮನೆಯ ರೊಟ್ಟಿಗೆ ಬೇಕಾದ ಜೋಳವನ್ನು ಹಿಂಗಾರಿನಲ್ಲಿ ಬೆಳೆದುಕೊಳ್ಳಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ, ಎಕರೆಗೆ 3 ಕಿ.ಗ್ರಾಂ. ಬೀಜದಂತೆ, 45 ಸೆಂ.ಮೀ. ಅಂತರದ ಸಾಲುಗಳಲ್ಲಿ ಬಿತ್ತಿರಿ. ತಡವಾದರೆ ಸುಳಿನೊಣದ ಕಾಟ ಹೆಚ್ಚು, ಕೊನೆಯಲ್ಲಿ ತೇವವೂ ಸಾಲದು.

ಆ) ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಕಾಳು ಬಲಿತಿದೆ ಎಂದರ್ಥ. ಮುಂಗಾರಿ ಜೋಳವಾದರೆ ಆಮೇಲೆ ಹೊಲದಲ್ಲಿ ಬಿಡದೆ, ಮಳೆ ಬಿಡುವು ಕೊಟ್ಟೊಡನೆ ತೆನೆ ಕೊಯ್ದು ಒಣಗಿಸಿರಿ.

ಇ) ಕಾಳಿನ ತೇವಾಂಶ ಶೇಕಡಾ 10ರಿಂದ 12ಕ್ಕೆ ಇಳಿಯುವವರೆಗೆ ಬಿಸಿಲಿಗೆ ಹಾಕಿರಿ. ಇದನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಕಾಳು, ನಾಲ್ಕಾರು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಕೆಲವು ನಿಮಿಷ ಅಲುಗಿಸಿರಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿಯಿದೆ.

ಈ) ಹಗೇವಿನ ಗೋಡೆ ತೇವವಿದ್ದರೆ ಅದರಲ್ಲಿ ಕಾಳು ತುಂಬಬೇಡಿರಿ. ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿರಿ, ಗೋಡೆಯಿಂದ ದೂರವಿರಲಿ.

ಒಂದು ಎಚ್ಚರಿಕೆ

ಬೂಷ್ಟು ಹಿಡಿದ ಜೋಳದಿಂದ ರೊಟ್ಟಿ ಕೆಡುವುದಷ್ಟೇ ಅಲ್ಲ, ಆರೋಗ್ಯವೂ ಕೆಡಬಹುದು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳವನ್ನು ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಅಂತಹ ಕಾಳಿನಲ್ಲಿ ಫ್ಯುಮೊನಿಸಿನ್ ಎಂಬ ಶಿಲೀಂಧ್ರ ವಿಷ ಇದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಹಂಚಿನ ಶಾಖದಿಂದ ಈ ವಿಷವನ್ನು ಕಳೆಯಬಹುದೆಂದು ನಂಬಬಾರದು. ಹಿಟ್ಟನ್ನು ಜರಡಿ ಹಿಡಿದರೂ ಅದು ಹೋಗುವುದಿಲ್ಲ. ಕಪ್ಪು, ಬೂದು, ನಸುಗೆಂಪು ಬೂಷ್ಟು ಹಿಡಿದ ಕಾಳನ್ನು ಒಳ್ಳೆಯ ಕಾಳಿನೊಡನೆ ಬೆರೆಸಿ ಬೀಸಿಸಬೇಡಿರಿ. ಮೇಲೆ ಹೇಳಿದ ಗಂಜಿಯ ಉಪಾಯ ಇಂತಹ ಕಾಳಿಗಲ್ಲ. ಅದನ್ನು ದನಕರುಗಳಿಗೂ ಹಾಕದಿರುವುದು ಲೇಸು.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಬಗೆ

ಹೊಲದಲ್ಲಿ ಗೊಬ್ಬರದ ಪ್ರಾತ್ಯಕ್ಷಿಕೆ ಮಾಡುವಾಗ ಎರಡು ತಾಕುಗಳಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದುದೆಲ್ಲವನ್ನೂ ಸಮನಾಗಿಡುತ್ತೇವೆ. ಅಡುಗೆ ಮನೆಯಲ್ಲಿಯೂ ಹೀಗೆಯೇ ಮಾಡಬೇಕು. ಮೊದಲು, ಅದೇ ಕೈ, ಅದೇ ಎಸರು, ಅದೇ ಹಂಚು ಇಟ್ಟುಕೊಂಡು ಬೇರೆ ಮನೆಯ ಒಳ್ಳೆಯ ಹಿಟ್ಟಿನಿಂದ ಎರಡು ರೊಟ್ಟಿ ಮಾಡಿರಿ. ಚೆನ್ನಾಗಿ ಬಂದರೆ ದೋಷ ಹಿಟ್ಟಿನದು. ಬರದಿದ್ದರೆ ಎಸರು, ನಾದುವಿಕೆ, ಹಂಚು ಇವುಗಳನ್ನು ಒಂದೊಂದಾಗಿ ನೋಡಿರಿ. ದೋಷ ಹಿಟ್ಟಿನದಾದರೆ ಅದೇ ಚೀಲದಿಂದ ಒಂದು ಕಿಲೋ ಕಾಳನ್ನು ಹೊಸದಾಗಿ ಬೀಸಿಸಿ ನೋಡಿರಿ. ಆಗ ಸರಿಬಂದರೆ ಹಿಟ್ಟು ಹಳತಾಗಿತ್ತು ಅಥವಾ ತರಿಯಾಗಿತ್ತು. ಆಗಲೂ ಹರಿದರೆ ದೋಷ ಕಾಳಿನದು. ಮುಂದಿನ ಬಿತ್ತನೆಯಲ್ಲಿಯೇ ಅದಕ್ಕೆ ಪರಿಹಾರ.

ಗ್ರಾಮ ಮಟ್ಟದ ಕೃಷಿ ಕಾರ್ಯಕರ್ತರಿಗೂ ಒಂದು ಮಾತು. ಹೊಸ ತಳಿಯೊಂದನ್ನು ಹಳ್ಳಿಗೆ ಒಯ್ದಾಗ ಎಕರೆಗೆ ಎಷ್ಟು ಕ್ವಿಂಟಲ್ ಎಂದು ಗಂಡಸರನ್ನು ಕೇಳುವುದರ ಜೊತೆಗೆ, ರೊಟ್ಟಿ ಹೇಗೆ ಬಂತು ಎಂದು ಹೆಂಗಸರನ್ನೂ ಕೇಳಿರಿ. ಅಡುಗೆ ಮನೆ ಒಪ್ಪದ ಜೋಳ ಹೊಲದಲ್ಲಿ ಬಹಳ ವರ್ಷ ನಿಲ್ಲದು.

ಅಂದು ನಾನು ಹೊರಡುವಾಗ ಆ ಹಿರಿಯ ತಾಯಿ ಕಾಳಿನ ಚೀಲವನ್ನು ಹೊರಗೆ ಎಳೆಸಿ ಮಗನಿಗೆ, “ಈ ಸಲ ಉಣ್ಣೋ ಜ್ವಾಳ ಹಿಂಗಾರಿಗೇ ಬಿತ್ತು” ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, “ನಿನ್ನ ಕೈದಲ್ಲಾಳಬೇ ತಪ್ಪು, ಏಳು, ಉಣ್ಣು ನಡಿ” ಎಂದರು. ಮುಂದಿನ ಎಳ್ಳು ಅಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬುಟ್ಟಿಯಲ್ಲಿ ಇಡೀ ರೊಟ್ಟಿಗಳಿರಬೇಕಾದರೆ, ಈಗಲೇ ಬೀಜವನ್ನು ಆಯ್ದಿಡುವುದು ಜಾಣತನ.